ಕಲ್ಲಿನ ಧೂಳು ಮತ್ತು ಕೂಲಿಗಾರನ ಎದೆ

ಕಳೆದ ಮಾಘಮಾಸದಲ್ಲಿ ನಮ್ಮ ಮುದ್ರಣಾಲಯದ ಅಂಗಳಕ್ಕೆ ಕಲ್ಲು ಹಾಸಿಸುವ ಕೆಲಸವನ್ನು ಕೈಗೊಂಡೆವು. ಚದರಡಿಗೆ ಇಷ್ಟೆಂದು ಗುತ್ತಿಗೆ ಮಾತಾಡಿ, ಮೇಸ್ತ್ರಿಗೆ ಮುಂಗಡವನ್ನು ಕೊಟ್ಟು, ನಮ್ಮ ಪಾಡಿಗೆ ನಾವು ಕೊಠಡಿಯಲ್ಲಿ ಕುಳಿತು ಕರಡು ತಿದ್ದುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲಿನ ಕಾಗದಗಳ ಮೇಲೆಲ್ಲ ಅಕ್ಕಿಹಿಟ್ಟಿನಂಥ ಬಿಳಿಯ ಪುಡಿ ಬಂದು ಕುಳಿತಿತು. ಹೊರಗೆ ಬಂದು ನೋಡಲಾಗಿ, ಇಪ್ಪತ್ತರ ಆಚೀಚಿನ ಇಬ್ಬರು ಹುಡುಗರು ಕೈಯಂತ್ರವನ್ನು ಹಿಡಿದು, ಕಲ್ಲಿಗೆ ಒಂದು ಹನಿ ನೀರನ್ನೂ ತೋರಿಸದೆ ಕೊಯ್ಯುತ್ತಿದ್ದರು. ತಲೆ, ಹುಬ್ಬು, ಕಣ್ಣಿನ ರೆಪ್ಪೆ ಎಲ್ಲವೂ ಬೆಳ್ಳಗಾಗಿ, ಇಪ್ಪತ್ತರ ಹರೆಯದವರು ಎಪ್ಪತ್ತರ ಮುದುಕರಂತೆ ಕಾಣುತ್ತಿದ್ದರು. ಒಬ್ಬನು ಮೂಗಿಗೆ ಟವೆಲು ಸುತ್ತಿಕೊಂಡಿದ್ದನು. ಮತ್ತೊಬ್ಬನಿಗೆ ಅದೂ ಇರಲಿಲ್ಲ.

"ನೀರು ಬಿಟ್ಟುಕೊಂಡು ಕೊಯ್ಯಬಾರದೇನಪ್ಪಾ?" ಎಂದು ಮೇಸ್ತ್ರಿಯನ್ನು ಕೇಳಿದೆವು. ಆತನು ಸಾವಧಾನವಾಗಿಯೇ ಉತ್ತರ ಕೊಟ್ಟನು: "ನೀರು ಬಿಟ್ಟರೆ ಕೆಸರಾಗುತ್ತದೆ ಸ್ವಾಮಿ. ಹಾಕಿದ ಗೆರೆ ಅಳಿಸಿಹೋಗುತ್ತದೆ. ಕರೆಂಟು ಹೊಡೆಯುವ ಭಯ ಬೇರೆ. ಎರಡು ದಿನದ ಕೆಲಸ ಮೂರು ದಿನವಾಗುತ್ತದೆ. ಆ ಒಂದು ದಿನದ ಕೂಲಿಯನ್ನು ತಾವು ಕೊಡುತ್ತೀರಾ?"

ನಾವು ಮಾತಾಡದೆ ಒಳಗೆ ಹೋಗಿ ಕಿಟಕಿಯನ್ನು ಮುಚ್ಚಿಕೊಂಡು ಕುಳಿತೆವು. ಇದನ್ನು ಬರೆಯಲು ನಮಗೆ ನಾಚಿಕೆಯಾಗುತ್ತದೆ. ಕೂಲಿಗಾರರ ಹಿತದ ವಿಷಯವಾಗಿ ಈ ಅಂಕಣಗಳಲ್ಲಿ ವರ್ಷಕ್ಕೆ ಹತ್ತು ಸಲ ಬರೆಯುವ ನಾವು, ನಮ್ಮ ಅಂಗಳದ ಕೂಲಿಗಾರನ ವಿಷಯ ಬಂದಾಗ ಕಿಟಕಿ ಮುಚ್ಚಿದೆವು. ಮರುದಿನ ಮೇಸ್ತ್ರಿಯನ್ನು ಕರೆಯಿಸಿ ಮೂರನೆಯ ದಿನದ ಕೂಲಿಗೆ ಒಪ್ಪಿಕೊಂಡು, ನೀರಿನ ಯಂತ್ರವನ್ನು ತರಿಸಿದೆವೆಂಬುದು ನಿಜ. ಆದರೆ ಮೊದಲನೆಯ ದಿನದ ಧೂಳನ್ನು ಆ ಹುಡುಗರ ಎದೆಯಿಂದ ಹಿಂದಕ್ಕೆ ತೆಗೆಯುವ ಶಕ್ತಿ ನಮಗೂ ಇಲ್ಲ, ಭೂಮಿಯ ಮೇಲಿನ ಯಾವ ವೈದ್ಯನಿಗೂ ಇಲ್ಲ. ಈ ಲೇಖನವನ್ನು ಬರೆಯಲು ಅದೇ ಕಾರಣ.

ಕಲ್ಲಿನ ಧೂಳು ಮಣ್ಣಿನ ಧೂಳಿನಂಥದಲ್ಲ. ಬೆಣಚುಕಲ್ಲು, ಮರಳುಗಲ್ಲು, ಗ್ರಾನೈಟು ಮೊದಲಾದವುಗಳಲ್ಲಿ ಸಿಲಿಕಾ ಎಂಬ ಹರಳು ಇರುತ್ತದೆ. ಬೆಣಚುಕಲ್ಲೆಂದರೆ ಬಹುಮಟ್ಟಿಗೆ ಅದೇ. ಗ್ರಾನೈಟಿನಲ್ಲಿ ನೂರಕ್ಕೆ ಇಪ್ಪತ್ತರಿಂದ ನಲವತ್ತೈದು ಪಾಲಿನವರೆಗೆ ಇರುವುದುಂಟು. ಕಲ್ಲನ್ನು ಒಡೆದಾಗ, ಕೊಯ್ದಾಗ, ಉಜ್ಜಿದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ಭಾಗವು ಮೂಗಿನಲ್ಲಿಯೂ ಗಂಟಲಿನಲ್ಲಿಯೂ ನಿಂತು, ಸೀನು ಕೆಮ್ಮುಗಳಿಂದ ಹೊರಬೀಳುತ್ತದೆ. ಕೊಲ್ಲುವುದು ಕಣ್ಣಿಗೆ ಕಾಣದ ಭಾಗ. ತಲೆಗೂದಲಿನ ದಪ್ಪದ ಹತ್ತನೆಯ ಒಂದು ಪಾಲಿಗಿಂತಲೂ ಸಣ್ಣದಾದ ಕಣಗಳು ಉಸಿರಿನೊಡನೆ ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅಲ್ಲಿ ದೇಹದ ಕಾವಲುಗಾರರಂತಿರುವ ಜೀವಕೋಶಗಳು ಈ ಕಣವನ್ನು ನುಂಗುತ್ತವೆ. ನುಂಗಿ, ಅರಗಿಸಲಾರದೆ ತಾವೇ ಸಾಯುತ್ತವೆ. ಸತ್ತ ಕೋಶದಿಂದ ಹೊರಬಿದ್ದ ಕಣವನ್ನು ಇನ್ನೊಂದು ಕೋಶವು ನುಂಗುತ್ತದೆ, ಅದೂ ಸಾಯುತ್ತದೆ. ಹೀಗೆ ಒಂದೇ ಕಣವು ವರ್ಷಗಟ್ಟಲೆ ಗಾಯ ಮಾಡುತ್ತಲೇ ಇರುತ್ತದೆ. ಗಾಯವು ಮಾದಂತೆಲ್ಲ ಮೆತ್ತಗಿದ್ದ ಶ್ವಾಸಕೋಶದಲ್ಲಿ ಗಂಟುಗಳು ಕಟ್ಟಿಕೊಂಡು, ಅದು ಗಡುಸಾಗಿ, ಹಿಗ್ಗುವುದನ್ನು ಮರೆಯುತ್ತದೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಆ ಕೆಲಸವನ್ನು ಬಿಟ್ಟ ಮೇಲೆಯೂ ಇದು ಮುಂದುವರಿಯಬಹುದು. ಗಂಟನ್ನು ಕರಗಿಸುವ ಔಷಧವು ಇಂದಿನವರೆಗೆ ದೊರೆತಿಲ್ಲ.

ಸಾಮಾನ್ಯವಾಗಿ ಹತ್ತು, ಇಪ್ಪತ್ತು ವರ್ಷಗಳ ಕಾಲ ಇದು ಸದ್ದಿಲ್ಲದೆ ಬೆಳೆಯುತ್ತದೆ. ಧೂಳು ಅತಿಯಾಗಿದ್ದ ಕಡೆಯಲ್ಲಿ ಕೆಲವೇ ವರ್ಷಗಳು, ಒಮ್ಮೊಮ್ಮೆ ಕೆಲವೇ ತಿಂಗಳುಗಳು ಸಾಕು. ಮೊದಲು ಒಣ ಕೆಮ್ಮು. ಆಮೇಲೆ ದಿಬ್ಬ ಹತ್ತುವಾಗ ಏದುಸಿರು. ಕೊನೆಗೆ ಬಚ್ಚಲುಮನೆಗೆ ನಡೆದುಹೋಗಲು ಗೋಡೆ ಹಿಡಿಯಬೇಕಾದ ಸ್ಥಿತಿ.

ಈ ರೋಗವು ಹೊಸದೆಂದು ಯಾರೂ ಭಾವಿಸಬಾರದು. 1556ರಲ್ಲಿ ಪ್ರಕಟವಾದ ಅಗ್ರಿಕೋಲನ ಗಣಿವಿದ್ಯೆಯ ಗ್ರಂಥದಲ್ಲಿ, ಕಾರ್ಪೇಥಿಯನ್ ಪರ್ವತಗಳ ಗಣಿಗಳಲ್ಲಿ ಏಳೇಳು ಗಂಡಂದಿರನ್ನು ಕಳೆದುಕೊಂಡ ಹೆಂಗಸರಿದ್ದರೆಂದು ಬರೆದಿದೆ. ಆದರೆ ನಮ್ಮವರು ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ಈ ದೇಶದಲ್ಲಿ ಸಿಲಿಕೋಸಿಸ್ಸಿನ ಇತಿಹಾಸವು ಆರಂಭವಾಗುವುದೇ ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ.

ಅಲ್ಲಿ ಜಾನ್ ಟೇಲರ್ ಕಂಪೆನಿಯವರು 1880ರಲ್ಲಿ ಕೆಲಸಕ್ಕೆ ತೊಡಗಿದರು. ಕೋಲಾರದ ಚಿನ್ನವು ಬೆಣಚುಕಲ್ಲಿನ ಎಳೆಗಳೊಳಗೆ ಅಡಗಿದ್ದಿತು. ಚಿನ್ನ ಬೇಕೆಂದವರು ಬೆಣಚನ್ನು ಕೊರೆಯಬೇಕು, ಸಿಡಿಸಬೇಕು, ಕುಟ್ಟಿ ಪುಡಿಮಾಡಬೇಕು. ಭೂಮಿಯೊಳಗೆ ಸುಮಾರು ಎರಡು ಮೈಲಿಯ ಆಳದವರೆಗೂ ಇಳಿದು, ಕುದಿಯುವ ಸೆಕೆಯಲ್ಲಿ, ಗಾಳಿಯಾಡದ ಮೂಲೆಗಳಲ್ಲಿ ಈ ಕೆಲಸವನ್ನು ಮಾಡಿದವರು ಬಹುಮಟ್ಟಿಗೆ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಹೊಟ್ಟೆಪಾಡಿಗಾಗಿ ಬಂದ ಬಡ ದಲಿತ ಕುಟುಂಬಗಳವರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ಕೋಲಾರದ ಗಣಿಗೆ ಹೋಯಿತೆಂದು ನಾವೆಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ವಿದ್ಯುತ್ತು ಯಂತ್ರಗಳನ್ನು ಓಡಿಸಿತು. ಯಂತ್ರ ಹೆಚ್ಚಿದಂತೆ ಧೂಳೂ ಹೆಚ್ಚಿತೆಂಬುದು ಹೆಮ್ಮೆಯ ಆ ಮಾತಿನೊಳಗೆ ಸೇರಿಲ್ಲ.

1940ರಲ್ಲಿ ಮೈಸೂರು ಸಂಸ್ಥಾನವು ಸಿಲಿಕೋಸಿಸ್ ನಿಯಮಗಳನ್ನು ಮಾಡಿ, ಈ ರೋಗಕ್ಕೆ ಪರಿಹಾರವನ್ನು ಕೊಡಬೇಕೆಂದು ವಿಧಿಸಿತು. 1947ರಲ್ಲಿ ಗಣಿಯ ವೈದ್ಯ ಕ್ಯಾಪ್ಲಾನ್ ಮತ್ತು ಸಂಗಡಿಗರು 7,653 ಮಂದಿ ಕೆಲಸಗಾರರ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 43ಕ್ಕೂ ಮೇಲ್ಪಟ್ಟವರ ಎದೆಯಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು. ವಾಚಕರು ಈ ಸಂಖ್ಯೆಯನ್ನು ಇನ್ನೊಮ್ಮೆ ಓದಬೇಕೆಂದು ಬೇಡುತ್ತೇವೆ. ಹತ್ತು ಮಂದಿಯಲ್ಲಿ ನಾಲ್ವರಿಗೂ ಹೆಚ್ಚು! ಸ್ವರಾಜ್ಯದ ಬಾವುಟವು ಏರಿದ ವರ್ಷದಲ್ಲಿಯೇ ಈ ಲೆಕ್ಕವು ಹೊರಬಿದ್ದಿತು. ನಾವು ಬಾವುಟವನ್ನು ನೋಡಿದೆವು, ಲೆಕ್ಕವನ್ನು ನೋಡಲಿಲ್ಲ. ಗಣಿಯು 1956ರಲ್ಲಿ ಮೈಸೂರು ಸರಕಾರದ ಕೈಗೂ, 1962ರಲ್ಲಿ ಕೇಂದ್ರ ಸರಕಾರದ ಕೈಗೂ ಬಂದಿತು. 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿಂದ ಸುಮಾರು 800 ಟನ್ ಚಿನ್ನ ಹೊರಬಂದಿತೆಂದು ಎಣಿಸುತ್ತಾರೆ. ಚಿನ್ನ ತೆಗೆದ ಮೇಲೆ ಉಳಿದ ನುಣುಪಾದ ಪುಡಿಯ ದಿಬ್ಬಗಳು ಇಂದಿಗೂ ಊರಿನ ನಡುವೆ ನಿಂತಿವೆ. ಬೇಸಗೆಯ ಗಾಳಿ ಎದ್ದಾಗ ಆ ಪುಡಿಯು ಮನೆಗಳ ಅಡಿಗೆಮನೆಯವರೆಗೂ ಹೋಗುತ್ತದೆ.

ಹಾಗೆಂದು ಹಳೆಯ ಕಂಪೆನಿಯವರನ್ನು ಬೈದು ತೃಪ್ತರಾಗುವ ಉದ್ದೇಶ ನಮಗಿಲ್ಲ. ಪರರ ಆಳಿಕೆಯ ಕಾಲದ ಆ ಗಣಿಯಲ್ಲಿ ಒಂದು ಹಾಜರಿ ಪುಸ್ತಕವಿದ್ದಿತು, ಆಸ್ಪತ್ರೆಯಿದ್ದಿತು, ಎದೆಯ ಚಿತ್ರ ತೆಗೆಯುವ ಯಂತ್ರವಿದ್ದಿತು. ಆದುದರಿಂದಲೇ 7,653 ಎಂಬ ಸಂಖ್ಯೆಯನ್ನು ಬರೆಯುವುದು ಸಾಧ್ಯವಾಯಿತು. ಇಂದು ಧೂಳು ಗಣಿಯಿಂದ ಎದ್ದು ನಾಡೆಲ್ಲ ಹರಡಿದೆ. ಚಿಕ್ಕಬಳ್ಳಾಪುರದ ಜಲ್ಲಿ ಕ್ರಷರುಗಳಲ್ಲಿ, ಇಳಕಲ್ಲಿನ ಕೆಂಪು ಗ್ರಾನೈಟಿನ ಮತ್ತು ಚಾಮರಾಜನಗರದ ಕರಿಕಲ್ಲಿನ ಗಣಿಗಳಲ್ಲಿ, ಜಿಗಣಿಯ ಕಲ್ಲು ಕೊಯ್ಯುವ ಕಾರ್ಖಾನೆಗಳಲ್ಲಿ, ಕೋಲಾರ ಜಿಲ್ಲೆಯ ಶಿವಾರಪಟ್ಟಣದ ಶಿಲ್ಪಿಗಳ ಚಪ್ಪರಗಳಲ್ಲಿ, ಬೆಂಗಳೂರಿನ ಪ್ರತಿಯೊಂದು ಬಡಾವಣೆಯಲ್ಲಿ ಏಳುತ್ತಿರುವ ಮನೆಗಳ ಅಂಗಳಗಳಲ್ಲಿ ಇದೇ ಕೆಲಸ ನಡೆದಿದೆ. ಕಲ್ಲಿಗೆ ಕಲ್ಲಿಗೆ ಸಿಲಿಕಾದ ಪ್ರಮಾಣ ಬೇರೆ. ಅಪಾಯವೂ ಅದಕ್ಕೆ ತಕ್ಕಂತೆ ಹೆಚ್ಚು ಕಡಿಮೆ. ಆದರೆ ಅಲ್ಲಿ ದುಡಿಯುವವನು ಇಂದು ಈ ಊರಿನಲ್ಲಿ, ಬರುವ ವರ್ಷ ಇನ್ನೊಂದು ಊರಿನಲ್ಲಿ. ಆತನ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ರಾಯಚೂರಿನಿಂದಲೋ, ಒಡಿಶಾ ಬಿಹಾರಗಳಿಂದಲೋ ಬಂದು, ಹತ್ತು ವರ್ಷ ದುಡಿದು, ಕೆಮ್ಮು ಹತ್ತಿದಾಗ ಊರಿಗೆ ಹಿಂದಿರುಗುತ್ತಾನೆ. ಅಲ್ಲಿ ಸತ್ತರೆ ಆ ಸಾವಿಗೂ ಜಿಗಣಿಗೂ ಸಂಬಂಧ ಕಲ್ಪಿಸುವವರು ಯಾರು?

ಇಲ್ಲಿ ಇನ್ನೊಂದು ಮೋಸವೂ ಸೇರಿಕೊಂಡಿದೆ. ಸಿಲಿಕಾ ಹೊಕ್ಕ ಶ್ವಾಸಕೋಶದಲ್ಲಿ ಕ್ಷಯರೋಗವು ಸುಲಭವಾಗಿ ಬೇರೂರುತ್ತದೆ. ಕ್ಷಯದ ಕ್ರಿಮಿಯನ್ನು ತಡೆಯಬೇಕಾದ ಕಾವಲು ಕೋಶಗಳೇ ಧೂಳಿಗೆ ಬಲಿಯಾಗಿರುತ್ತವೆ. ಕೆಮ್ಮು, ಜ್ವರ, ಮೈ ಸೊರಗುವುದು ಎರಡರಲ್ಲಿಯೂ ಒಂದೇ. ಎದೆಯ ಚಿತ್ರದಲ್ಲಿ ಕಾಣುವ ಚುಕ್ಕೆಗಳನ್ನು ನೋಡಿ, ರೋಗಿಯ ಕಸುಬನ್ನು ಕೇಳದ ವೈದ್ಯನು ಕ್ಷಯವೆಂದು ಬರೆಯುತ್ತಾನೆ. ಆರು ತಿಂಗಳು ಮಾತ್ರೆ ನುಂಗಿದರೂ ಗುಣ ಕಾಣದು. ಮತ್ತೆ ಆರು ತಿಂಗಳು ನುಂಗಿಸುತ್ತಾರೆ. ಕ್ಷಯವೆಂದು ಬರೆದರೆ ದೋಷವು ರೋಗಿಯ ದಾರಿದ್ರ್ಯದ ಮೇಲೆ ಬೀಳುತ್ತದೆ. ಸಿಲಿಕೋಸಿಸ್ ಎಂದು ಬರೆದರೆ ಮಾಲಿಕನ ಮೇಲೆ. ವೈದ್ಯರು ಬೇಕೆಂದೇ ಹಾಗೆ ಮಾಡುತ್ತಾರೆಂದು ನಾವು ಹೇಳುತ್ತಿಲ್ಲ. "ಏನು ಕೆಲಸ ಮಾಡುತ್ತಿದ್ದೆ? ಎಷ್ಟು ವರ್ಷ?" ಎಂಬ ಎರಡು ಪ್ರಶ್ನೆಗಳು ಸರಕಾರಿ ಆಸ್ಪತ್ರೆಯ ಚೀಟಿಯಲ್ಲಿ ಅಚ್ಚಾಗಿದ್ದರೆ ಬಹಳ ಮಟ್ಟಿಗೆ ಈ ತಪ್ಪು ತಪ್ಪುತ್ತದೆ. ಅಚ್ಚಿನ ಖರ್ಚನ್ನು ಬಲ್ಲ ನಾವು ಹೇಳುತ್ತೇವೆ: ಎರಡು ಸಾಲು ಹೆಚ್ಚು ಅಚ್ಚು ಹಾಕಲು ಕಾಸೂ ಹೆಚ್ಚಾಗದು.

ಗುಣವಾಗದ ಈ ರೋಗವನ್ನು ಬಾರದಂತೆ ಮಾಡುವುದು ಮಾತ್ರ ಪೂರ್ಣವಾಗಿ ಸಾಧ್ಯ. ಅಮೆರಿಕದ ವರ್ಮಾಂಟ್ ಸಂಸ್ಥಾನದಲ್ಲಿ ಬ್ಯಾರಿ ಎಂಬ ಊರಿದೆ. ಗ್ರಾನೈಟು ಕೊಯ್ದು ಸಮಾಧಿಶಿಲೆಗಳನ್ನು ಕೆತ್ತುವುದು ಅಲ್ಲಿಯ ಕಸುಬು. ಒಂದು ಕಾಲದಲ್ಲಿ ಆ ಕಲ್ಲುಕುಟಿಗರು ಸಿಲಿಕೋಸಿಸ್ಸಿನಿಂದಲೂ ಅದರ ಬೆನ್ನಿಗೆ ಬರುವ ಕ್ಷಯದಿಂದಲೂ ನಡುವಯಸ್ಸಿನಲ್ಲಿಯೇ ಸಾಯುತ್ತಿದ್ದರು. 1930ರ ದಶಕದ ಕೊನೆಗೆ ಅಲ್ಲಿಯ ಕೆಲಸದ ಚಪ್ಪರಗಳಲ್ಲಿ, ಉಳಿ ಬೀಳುವ ಜಾಗದಲ್ಲಿಯೇ ಧೂಳನ್ನು ಹೀರಿಕೊಳ್ಳುವ ಕೊಳವೆಗಳನ್ನು ಕೂಡಿಸಿದರು. ಆಮೇಲೆ ಕೆಲಸಕ್ಕೆ ಸೇರಿದವರಲ್ಲಿ ಈ ರೋಗವು ಬಹುಮಟ್ಟಿಗೆ ಕಾಣದಂತಾಯಿತು. ಕಲ್ಲು ಅದೇ, ಕಸುಬು ಅದೇ, ಮನುಷ್ಯರ ಎದೆಯೂ ಅದೇ. ಬದಲಾದದ್ದು ಒಂದು ಕೊಳವೆ. ಅದೇ ದೇಶದಲ್ಲಿ ಅದಕ್ಕೆ ಕೆಲವೇ ವರ್ಷಗಳ ಮೊದಲು, 1930 ಮತ್ತು 31ರಲ್ಲಿ, ಪಶ್ಚಿಮ ವರ್ಜೀನಿಯದ ಹಾಕ್ಸ್ ನೆಸ್ಟ್ ಸುರಂಗವನ್ನು ಸಿಲಿಕಾ ತುಂಬಿದ ಬಂಡೆಯಲ್ಲಿ ಒಣಗಡೆತದಿಂದಲೇ ಕೊರೆಯಿಸಿ, ನೂರಾರು ಕೂಲಿಗಾರರನ್ನು ಸಾಯಗೊಟ್ಟಿದ್ದರು. ಸತ್ತವರಲ್ಲಿ ಹೆಚ್ಚಿನವರು ಕಪ್ಪು ಜನರು. ತಿಳಿವಳಿಕೆಯಿದ್ದ ಮಾತ್ರಕ್ಕೆ ಎಲ್ಲರ ಜೀವಕ್ಕೂ ಒಂದೇ ಬೆಲೆ ಬರುವುದಿಲ್ಲ.

ಕೆನಡಾದ ಆಂಟೇರಿಯೊ ಪ್ರಾಂತದವರು ಇನ್ನೊಂದು ಸುಲಭ ಮಾರ್ಗವನ್ನು ಹುಡುಕಿದರು. 1943ರಿಂದ 1979ರವರೆಗೆ ಅಲ್ಲಿಯ ಗಣಿಗಾರರಿಗೆ ಕೆಲಸಕ್ಕೆ ಇಳಿಯುವ ಮುನ್ನ ಅಲ್ಯೂಮಿನಿಯಮ್ ಪುಡಿಯನ್ನು ಉಸಿರಾಡಿಸುತ್ತಿದ್ದರು. ಅದು ಸಿಲಿಕಾವನ್ನು ತಡೆಯುವುದೆಂಬ ನಂಬಿಕೆ. ತಡೆಯಲಿಲ್ಲ, ಕಡೆಗೆ 2022ರಲ್ಲಿ ಆ ಪ್ರಾಂತದ ಸರಕಾರವು ಕ್ಷಮೆ ಕೇಳಬೇಕಾಯಿತು. ನಮ್ಮ ಕಡೆ ಧೂಳಿನ ಕೆಲಸದವರಿಗೆ ಬೆಲ್ಲವನ್ನೂ ಬಾಳೆಹಣ್ಣನ್ನೂ ಹಂಚಿ ಎದೆ ಶುದ್ಧವಾಗುವುದೆಂದು ಹೇಳುವ ಮಾಲಿಕರನ್ನು ಕಂಡಾಗ ನಮಗೆ ಈ ಕಥೆ ನೆನಪಾಗುತ್ತದೆ. ಬೆಲ್ಲವು ಹೊಟ್ಟೆಗೆ ಹೋಗುತ್ತದೆ, ಧೂಳು ಎದೆಗೆ; ಇವೆರಡರ ದಾರಿ ಬೇರೆ. ಕೊಡುವ ಬೆಲ್ಲವನ್ನು ಬೇಡವೆನ್ನುವುದಿಲ್ಲ. ಅದರ ಜೊತೆಗೆ ನೀರನ್ನೂ ಕೊಡಲಿ.

ಧೂಳು ಏಳುವ ಜಾಗದಲ್ಲಿಯೇ ಅದನ್ನು ಹಿಡಿಯಬೇಕು. ಕೊರೆಯುವ ಸಲಾಕೆಯ ತುದಿಗೆ, ಕೊಯ್ಯುವ ಚಕ್ರದ ಅಂಚಿಗೆ ನೀರು ಬೀಳುತ್ತಿರಬೇಕು. ಕ್ರಷರಿನ ಬಾಯಿಗೂ, ಜಲ್ಲಿ ಸುರಿಯುವ ಪಟ್ಟಿಗೂ ಹೊದಿಕೆ ಹಾಕಿ ತುಂತುರು ಹಾಯಿಸಬೇಕು. ನೀರು ಸಲ್ಲದ ಕಡೆ ಹೀರುವ ಯಂತ್ರವನ್ನು ಕೂಡಿಸಬೇಕು. ಸಂಜೆ ನೆಲವನ್ನು ಒಣ ಪೊರಕೆಯಿಂದ ಗುಡಿಸಬಾರದು. ಕುಳಿತ ಧೂಳು ಮತ್ತೆ ಏಳುತ್ತದೆ. ಧೂಳಿನ ಬಟ್ಟೆಯಲ್ಲಿಯೇ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಬಾರದು. ಮೈ ತೊಳೆದು ಬಟ್ಟೆ ಬದಲಿಸಲು ಕೆಲಸದ ಸ್ಥಳದಲ್ಲಿಯೇ ನೀರು, ಮರೆ ಇರಬೇಕು. ಮೂಗಿಗೆ ಕಟ್ಟುವ ಟವೆಲಿನಿಂದ ಪ್ರಯೋಜನವಿಲ್ಲ. ಕೊಲ್ಲುವ ಕಣಕ್ಕೆ ಟವೆಲಿನ ನೆಯ್ಗೆಯು ಊರಬಾಗಿಲಿನಷ್ಟು ಅಗಲ. ಧೂಳು ಸೋಸುವ ಸರಿಯಾದ ಮುಖವಾಡವು ಮುಖಕ್ಕೆ ಬಿಗಿಯಾಗಿ ಕೂಡಿದರೆ ಸಹಾಯವಾಗುತ್ತದೆ. ಆದರೆ ನೀರು, ಹೀರುವ ಯಂತ್ರಗಳಾದ ಮೇಲೆ ಅದು. ಅವುಗಳ ಬದಲಿಗೆ ಅಲ್ಲ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಎಂಟು ಗಂಟೆ ಮುಖವಾಡ ಕಟ್ಟಿ ದುಡಿಯೆಂದು ಹೇಳುವ ಮಹಾಶಯರು ತಾವೊಮ್ಮೆ ಒಂದು ಗಂಟೆ ಕಟ್ಟಿ ನೋಡಲಿ.

ಮೇಸ್ತ್ರಿಯು ಹೇಳಿದ ಕರೆಂಟಿನ ಭಯವು ಸುಳ್ಳಲ್ಲವೆಂಬುದನ್ನೂ ಇಲ್ಲಿ ಬರೆಯಬೇಕು. ಒಣಗಡೆತಕ್ಕೆ ಮಾಡಿದ ಯಂತ್ರದ ಮೇಲೆ ನೀರು ಸುರಿದರೆ ಧೂಳಿನಿಂದ ಉಳಿದವನು ಕರೆಂಟಿನಿಂದ ಸತ್ತಾನು. ನೀರಿನ ಕೆಲಸಕ್ಕೆಂದೇ ಮಾಡಿದ ಯಂತ್ರಗಳಿವೆ. ಕರೆಂಟು ಸೋರಿದ ಕ್ಷಣದಲ್ಲಿ ಕಡಿದುಹಾಕುವ ಸ್ವಿಚ್ಚುಗಳೂ ಇವೆ. ಎರಡೂ ಪೇಟೆಯಲ್ಲಿ ಸಿಗುತ್ತವೆ, ಬಾಡಿಗೆಗೂ ಸಿಗುತ್ತವೆ.

ಎಷ್ಟು ಧೂಳು ಅಪಾಯವೆಂದು ವಾಚಕರು ಕೇಳಬಹುದು. ಅಮೆರಿಕವು 2016ರ ನಿಯಮದಲ್ಲಿ ಒಂದು ಘನ ಮೀಟರು ಗಾಳಿಗೆ 50 ಮೈಕ್ರೋಗ್ರಾಮು ಸಿಲಿಕಾ ಎಂಬ ಮಿತಿಯನ್ನು ಇಟ್ಟಿತು. ಒಂದು ಗ್ರಾಮಿನಲ್ಲಿ ಇಪ್ಪತ್ತು ಸಾವಿರದಲ್ಲೊಂದು ಪಾಲು! ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಗಾಳಿಗೆಲ್ಲ ಸೇರಿ ಸಕ್ಕರೆಯ ಎರಡು ಮೂರು ಹರಳಿನ ತೂಕದಷ್ಟು. ನಮ್ಮ ಮೇಜಿನ ಮೇಲೆ ಅಂದು ಕುಳಿತದ್ದನ್ನು ಒರೆಸಲು ಒದ್ದೆ ಬಟ್ಟೆಯನ್ನು ಮೂರು ಸಲ ಹಿಂಡಬೇಕಾಯಿತು.

ಕಾಯಿದೆಗಳಿಗೇನೂ ಕೊರತೆಯಿಲ್ಲ. 1923ರ ಪರಿಹಾರದ ಕಾಯಿದೆ ಮತ್ತು 1948ರ ಕಾರ್ಖಾನೆ ಕಾಯಿದೆಗಳ ಪಟ್ಟಿಗಳಲ್ಲಿ ಸಿಲಿಕೋಸಿಸ್ಸಿನ ಹೆಸರು ಸೇರಿದ್ದಿತು. ಅವುಗಳ ಸ್ಥಾನಕ್ಕಾಗಿ ಪಾರ್ಲಿಮೆಂಟು 2020ರಲ್ಲಿ ಅಂಗೀಕರಿಸಿದ ಸಂಹಿತೆಗಳಲ್ಲಿಯೂ ಇದೆ. ಆದರೆ ಯಂತ್ರಶಕ್ತಿಯುಳ್ಳ ಸ್ಥಳವು ಕಾರ್ಖಾನೆಯೆನಿಸಿಕೊಳ್ಳಲು ಹಿಂದೆ ಹತ್ತು ಮಂದಿ ಕೆಲಸಗಾರರು ಸಾಕಾಗಿದ್ದರೆ, ಹೊಸ ಸಂಹಿತೆಯು ಅದನ್ನು ಇಪ್ಪತ್ತಕ್ಕೆ ಏರಿಸಿತು. ನಮ್ಮ ಅಂಗಳದಲ್ಲಿದ್ದವರು ಇಬ್ಬರು. ಗುಜರಾತಿನ ಬೆಣಚುಕಲ್ಲು ಪುಡಿಮಾಡುವ ಕಾರ್ಖಾನೆಗಳಲ್ಲಿ ದುಡಿದು ಹಿಂದಿರುಗಿ ಸತ್ತ ಮಧ್ಯಪ್ರದೇಶದ 238 ಮಂದಿ ಆದಿವಾಸಿ ಕೂಲಿಗಾರರ ಕುಟುಂಬಗಳಿಗೆ ತಲಾ ಮೂರು ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ಗುಜರಾತ್ ಸರಕಾರಕ್ಕೆ ಆಜ್ಞಾಪಿಸಿದ್ದು 2016ರಲ್ಲಿ; ಆ ಮೊಕದ್ದಮೆಯು ಹೂಡಲ್ಪಟ್ಟದ್ದು 2006ರಲ್ಲಿ. ಹತ್ತು ವರ್ಷಗಳು! ರಾಜಸ್ಥಾನವು 2019ರ ತನ್ನ ನೀತಿಯಲ್ಲಿ, ರೋಗವೆಂದು ಪ್ರಮಾಣವಾದ ಕೂಡಲೆ ಮೂರು ಲಕ್ಷ, ಮರಣಾನಂತರ ಕುಟುಂಬಕ್ಕೆ ಎರಡು ಲಕ್ಷವೆಂದು ಗೊತ್ತುಮಾಡಿತು. ಯಾವ ಮಾಲಿಕನ ಬಳಿ ದುಡಿದೆನೆಂದು ಸಾಬೀತುಪಡಿಸಲಾರದವನಿಗೂ ಇದು ದೊರೆಯುವಂತಾದುದು ದೊಡ್ಡ ಮಾತು. ನಮ್ಮ ಸರಕಾರವು ಆ ನೀತಿಯನ್ನು ತರಿಸಿಕೊಂಡು ಪರಾಂಬರಿಸಬೇಕು.

ಆದರೆ ಪರಿಹಾರವೆಂಬುದು ಎದೆ ಕಲ್ಲಾದ ಮೇಲಿನ ಮಾತು. ಕಲ್ಲಾಗದಂತೆ ನೋಡಿಕೊಳ್ಳುವ ಅಧಿಕಾರವು ಯಾರ ಕೈಯಲ್ಲಿದೆ? ನಮ್ಮ ಮೇಸ್ತ್ರಿಯ ಪ್ರಶ್ನೆಗೆ ನಾವು ಮತ್ತೆ ಬರಬೇಕಾಗಿದೆ. ಆ ಒಂದು ದಿನದ ಕೂಲಿಯನ್ನು ಕೊಡುವವರು ಯಾರು? ಕ್ರಷರಿನವನು ತುಂತುರಿಗೆ ಖರ್ಚು ಮಾಡಿದರೆ, ಮಾಡದ ಪಕ್ಕದವನ ಜಲ್ಲಿಯು ಅಗ್ಗವಾಗುತ್ತದೆ. ಟೆಂಡರು ಕರೆಯುವ ಇಲಾಖೆಯು ಅಗ್ಗದ್ದನ್ನೇ ಕೊಳ್ಳುತ್ತದೆ. ಚದರಡಿಯ ದರದಲ್ಲಿ ನಾಲ್ಕು ರೂಪಾಯಿ ಇಳಿಸಲು ಅರ್ಧ ಗಂಟೆ ಚೌಕಾಸಿ ಮಾಡುವ ನಮ್ಮಂಥ ಗೃಹಸ್ಥರೂ ಅಗ್ಗದ್ದನ್ನೇ ಕೊಳ್ಳುತ್ತೇವೆ. ನಾವು ಇಳಿಸಿದ ನಾಲ್ಕು ರೂಪಾಯಿಯೇ ಆ ನೀರು. ನಾಡಿನ ಜಲ್ಲಿ ಕಲ್ಲುಗಳನ್ನು ಕೊಳ್ಳುವವರಲ್ಲಿ ಅತ್ಯಂತ ದೊಡ್ಡವರು ಲೋಕೋಪಯೋಗಿ ಇಲಾಖೆ, ನಗರಪಾಲಿಕೆ, ಹೆದ್ದಾರಿ ಮತ್ತು ಮೆಟ್ರೋ ರೈಲಿನವರು. ಧೂಳು ತಡೆಯುವ ವ್ಯವಸ್ಥೆಯಿಲ್ಲದ ಕ್ರಷರಿನ ಜಲ್ಲಿಯನ್ನು ಕೊಳ್ಳುವುದಿಲ್ಲವೆಂದು ಇವರು ತಮ್ಮ ಕರಾರಿನಲ್ಲಿ ಬರೆದು, ಅದರ ಖರ್ಚನ್ನು ದರದಲ್ಲಿಯೇ ಸೇರಿಸಿಕೊಟ್ಟರೆ, ಇನ್‌ಸ್ಪೆಕ್ಟರುಗಳು ಹತ್ತು ವರ್ಷದಲ್ಲಿ ಮಾಡಲಾರದ್ದು ಒಂದು ಹಣಕಾಸು ವರ್ಷದಲ್ಲಿ ಆಗುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಲಿಯು ಕಲ್ಲಿನ ಕೆಲಸದವರ ಹೆಸರನ್ನು ನೋಂದಾಯಿಸುವಾಗಲೇ ಎದೆಯ ಚಿತ್ರವನ್ನು ತೆಗೆಯಿಸಿ, ನಿಯತವಾಗಿ ಮತ್ತೆ ಮತ್ತೆ ತೆಗೆಯಿಸುತ್ತ, ಚಿತ್ರದ ಪ್ರತಿಯನ್ನು ಅವನ ಕೈಗೇ ಕೊಡಬೇಕು. ಊರೂರು ಅಲೆಯುವವನಿಗೆ ಅದಕ್ಕಿಂತ ಬೇರೆ ದಾಖಲೆ ಯಾವುದು?

ಗೃಹಸ್ಥರಿಗೆ ನಮ್ಮ ಸೂಚನೆ ಇಷ್ಟೇ. ಗುತ್ತಿಗೆಯ ಚೀಟಿಯಲ್ಲಿ, ದರದ ಕೆಳಗೆ, "ಕಲ್ಲನ್ನು ನೀರಿನ ಯಂತ್ರದಿಂದಲೇ ಕೊಯ್ಯತಕ್ಕದ್ದು, ಅದರ ಹೆಚ್ಚಿನ ಕೂಲಿಯು ಮನೆಯ ಯಜಮಾನನಿಗೆ ಸೇರಿದ್ದು" ಎಂದು ಬರೆಯಿಸಿರಿ. ನಮ್ಮ ಹಿತ್ತಿಲಿನ ಕೆಲಸವು ಇನ್ನೂ ಉಳಿದಿದೆ. ಅದೇ ಮೇಸ್ತ್ರಿ, ಅದೇ ಹುಡುಗರು ಬರುವ ತಿಂಗಳು ಬರುತ್ತಾರೆ. ಈ ಸಲದ ಚೀಟಿಯಲ್ಲಿ ಮೂರು ದಿನವೆಂದೇ ಬರೆದಿದ್ದೇವೆ. ಹುಡುಗರಲ್ಲಿ ಚಿಕ್ಕವನಿಗೆ ಬೆಳಗಿನ ಹೊತ್ತು ಒಣ ಕೆಮ್ಮು ಇದೆಯೆಂದು ಮೇಸ್ತ್ರಿಯು ಹೇಳಿದುದರಿಂದ, ಬಂದ ದಿನವೇ ಆತನನ್ನು ಆಸ್ಪತ್ರೆಗೆ ಕರೆದೊಯ್ದು ಎದೆಯ ಚಿತ್ರ ತೆಗೆಯಿಸುವುದೆಂದು ಗೊತ್ತುಮಾಡಿದ್ದೇವೆ. ಐದು ವರ್ಷದಿಂದ ಈ ಕೆಲಸದಲ್ಲಿದ್ದಾನಂತೆ.